ಡರ್ಟ್ ಬೈಕು ತೋಡಿದ ಬಿಲ

ಕಡಲು ಉಬ್ಬರಿಸುವುದರೊಳಗೆ ಏಡಿಗೆ ಹೊಸ ಬಿಲ ಬೇಕಿತ್ತು, ತೋಡಲು ಮಾತ್ರ ಸೋಮಾರಿತನ. ಅಷ್ಟರಲ್ಲಿ ಡರ್ಟ್ ಬೈಕೊಂದು ಗುಡುಗುತ್ತ ಬಂದು ಎದುರಿನ ಮರಳಲ್ಲೇ ಹೂತುಕೊಂಡಿತು.

"ಯಾಕೆ ಸ್ವಾಮಿ, ನಿಂತುಬಿಟ್ಟಿರಿ? ಸುಸ್ತಾಯಿತೇ?" ಎಂದಿತು ಏಡಿ.

"ಸುಸ್ತೇ? ನನಗೇ? ನೋಡು!" ಬೈಕು ರೊಯ್ಯೆಂದು ಅಬ್ಬರಿಸಿತು. ಮರಳು ಹಾರಿತು, ಚಕ್ರ ಇನ್ನಷ್ಟು ಕೆಳಗಿಳಿಯಿತು.

"ಭೇಷ್! ಆದರೂ ನಿನ್ನೆ ಬಂದ ಸ್ಕೂಟರಿನ ಸದ್ದು ಇದಕ್ಕಿಂತ ಜೋರಿತ್ತು."

ಬೈಕಿಗೆ ರೋಷ ಉಕ್ಕಿತು. ಅದು ಹೊಟ್ಟೆಯವರೆಗೂ ಹೂತಾಗ ಏಡಿ ಗುಂಡಿಯನ್ನು ಸುತ್ತಿ ನೋಡಿ, "ಸಾಕು ಸ್ವಾಮಿ. ಇನ್ನು ಟಯರಿನ ಗಾಳಿ ಸ್ವಲ್ಪ ಇಳಿಸಿ, ಮೆಲ್ಲಗೆ ಮೇಲೆ ಬನ್ನಿ" ಎಂದಿತು.

ಬೈಕು ಬುಸ್ಸೆಂದು ಗಾಳಿ ಬಿಟ್ಟು ಹೊರಬಂತು. "ಇದನ್ನು ಮೊದಲೇ ಹೇಳಬಾರದಿತ್ತೇ?"

"ಹೇಳಿದ್ದರೆ ಅಡುಗೆಮನೆಗೆ ಜಾಗ ಸಾಲುತ್ತಿರಲಿಲ್ಲ," ಎನ್ನುತ್ತ ಏಡಿ ಒಳಗಿಳಿಯಿತು.