ರಿಕಾಪು ಹಿಡಿದ ಕೈ

ಯಾರುಕ್ ಎಂಬ ತುರ್ಕಿ ದಂಡನಾಯಕನಿದ್ದ. ಸಂತೆಯಲ್ಲಿ ಗುಲಾಮನಾಗಿ ಮಾರಾಟವಾಗಿ ಬಂದವನು. ಸುಲ್ತಾನರು ಕುದುರೆ ಹತ್ತುವಾಗ ಪಾದವಿಡುವ ರಿಕಾಪನ್ನು ಬಗ್ಗಿ ಹಿಡಿಯುವುದು ಅವನ ಮೊದಲ ಚಾಕರಿ. ಅಲ್ಲಿಂದ ದಂಡನಾಯಕನಾದ. ಹೇಗೆಂದು ಕೇಳಬೇಡಿ, ನಾನು ಹೇಳಿದಾಗಲೆಲ್ಲ ಅದು ಬೇರೆಯಾಗುತ್ತದೆ.

ನದಿಯ ತಿರುವಿನ ಕೋಟೆಯೊಂದನ್ನು ಅವನು ಸುಲ್ತಾನರಿಗಾಗಿ ಗೆದ್ದ. ಗೆದ್ದ ಸುದ್ದಿ ಮುಟ್ಟುವಷ್ಟರಲ್ಲಿ ಸುಲ್ತಾನರೇ ಇರಲಿಲ್ಲ. ಅವರ ಇಬ್ಬರು ಮಕ್ಕಳು ಗದ್ದುಗೆಗಾಗಿ ಕಾದಾಡುತ್ತಿದ್ದರು.

ಶುಕ್ರವಾರ ಬಂತು. ಮಸೀದಿಯ ಪ್ರವಚನದಲ್ಲಿ ಯಾರ ಹೆಸರು ಕೇಳಿಸಿತೋ ಅವನೇ ನಾಡಿನ ಒಡೆಯ. ಅಲ್ಲಿಯ ಪದ್ಧತಿ ಅದು.

ಯಾರುಕ್ ನದೀತೀರದ ಗುಡಿಸಲಿಗೆ ಬಂದ. ಅವನ ಗುರು ದುರ್ಸುನ್ ಬಾಬಾ ಬೇಳೆ ಬೇಯಿಸುತ್ತಿದ್ದರು.

"ಬಾಬಾ, ದೊಡ್ಡವನ ಹೆಸರು ಹೇಳಿಸಿದರೆ ಚಿಕ್ಕವನ ದಂಡು ಬರುತ್ತೆ. ಚಿಕ್ಕವನದು ಹೇಳಿಸಿದರೆ ದೊಡ್ಡವನದು. ನಿನ್ನದೇ ಹೇಳಿಸು ಅಂತಾರೆ ನನ್ನ ಸೈನಿಕರು. ಆಗ ಇಬ್ಬರೂ ಬರ್ತಾರೆ. ಯಾರ ಹೆಸರು ಹೇಳಿಸಲಿ?"

"ಊಟ ಆಯ್ತಾ?"

"ತಲೆ ಹೋಗೋ ಹೊತ್ತಲ್ಲಿ ಊಟ ಎಲ್ಲಿಂದ ಬಾಬಾ!"

"ಸರಿ, ಮಸೀದಿಗೆ ಹೋಗೋಣ. ಕುದುರೆ ತರಿಸು."

ಯಾರುಕ್ ಚಪ್ಪಾಳೆ ತಟ್ಟಿದ. ಲಾಯದ ಆಳೊಬ್ಬ ಕುದುರೆ ಹಿಡಿದು ತಂದ. ಅದು ಬಂದು ನಿಂತದ್ದೇ ತಡ, ಯಾರುಕ್ ಪಕ್ಕಕ್ಕೆ ಹೋಗಿ ಬಗ್ಗಿ ರಿಕಾಪು ಹಿಡಿದ.

ಬಾಬಾ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ಯಾರಿಗಪ್ಪಾ ಹಿಡಿದಿದ್ದೀಯಾ?"

ಯಾರುಕ್ ತನ್ನ ಕೈಯನ್ನೇ ನೋಡಿದ. "ನಿಮಗೆ."

"ನನಗೆ ಸವಾರಿ ಬರಲ್ಲ, ನಿನಗೆ ಗೊತ್ತು."

"ಹಾಗಾದರೆ... ಸುಲ್ತಾನರಿಗೆ."

"ತೀರಿಕೊಂಡರಲ್ಲಪ್ಪಾ."

"ಹೌದು," ಎಂದ ಯಾರುಕ್. ಕೈ ಮಾತ್ರ ಬಿಡಲಿಲ್ಲ.

ಬಾಬಾ ಎದ್ದು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ತಾವೇ ಬಗ್ಗಿ ರಿಕಾಪು ಹಿಡಿದರು.

"ಅಯ್ಯೋ, ಬೇಡಿ ಬಾಬಾ!"

"ಹತ್ತೋ ಮಾರಾಯ, ಸೊಂಟ ಹಿಡಿದುಕೊಳ್ತಿದೆ."

ಯಾರುಕ್ ಹತ್ತಿದ.

"ಅಲ್ಲಿಂದ ಏನು ಕಾಣುತ್ತೆ?"

"ನಿಮ್ಮ ಮುಂಡಾಸು."

"ಮುಖ?"

"ಕಾಣಲ್ಲ."

"ಸುಲ್ತಾನರಿಗೂ ನಿನ್ನ ಮುಂಡಾಸು ಮಾತ್ರ ಕಂಡಿತ್ತು."

ಇದು ಹೊಗಳಿಕೆಯೋ ಬೈಗುಳವೋ ಯಾರುಕ್‌ಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕೋಟೆಯ ಕಡೆಯಿಂದ ಆಜಾನ್ ಕೇಳಿಸಿತು.

"ಬಾಬಾ, ಹೊತ್ತಾಯಿತು! ಯಾರ ಹೆಸರು ಹೇಳಿಸಲಿ?"

ಬಾಬಾ ಬಗ್ಗಿದ ತಲೆ ಎತ್ತಲಿಲ್ಲ.

"ಹೇಳ್ತೀನಿ. ಮೊದಲು ನೀನು ಹೇಳು, ಈ ಕುದುರೆ ಹಿಡಿದು ತಂದನಲ್ಲ, ಅವನ ಹೆಸರೇನು?"