ಚಾವಿಗೆ ಏಳದ ಲಾರಿ

ನಂಬೋರು ಮುಂದೆ ಕೂತ್ಕೊಳ್ಳಿ, ನಂಬದೋರು ಹಿಂದೆ ಕೂತ್ಕೊಳ್ಳಿ. ಇದು ಲಾರಿ ಕತೆ, ಹಿಂದಿದ್ದೋರೇ ನೂಕಬೇಕಾಗುತ್ತೆ!

ಸಿರಾ ಸೀಮೆಯ ಒಂದು ಹಟ್ಟೀಲಿ ಕ್ಯಾತಮ್ಮ ಅಂತ ಒಬ್ಬಳಿದ್ದಳು. ಗಂಡ ಸಾಯೋವಾಗ ಬಿಟ್ಟುಹೋದದ್ದು ಎರಡೇ: ಕುರಿಗೊಬ್ಬರ ಹೊರೋ ಡೀಸೆಲ್ ಲಾರಿ ಒಂದು, ಜುಂಜಣ್ಣ ಅನ್ನೋ ಮಗ ಒಬ್ಬ. ಎರಡಕ್ಕೂ ಮೂವತ್ತು ವರ್ಷ. ಎರಡೂ ಬೆಳಗ್ಗೆ ತಾವಾಗಿ ಏಳೋವಲ್ಲ. ಲಾರಿಯಾದರೆ ದಿಬ್ಬದ ಮೇಲೆ ನಿಲ್ಲಿಸಿ, ಚಕ್ರದ ಕೆಳಗಿನ ಕಲ್ಲು ತೆಗೆದರೆ, ಉರುಳಿಕೊಂಡು ಹೋಗಿ ಗೊರ್ರ್ ಅಂತ ಎದ್ದೇಳುತ್ತಿತ್ತು. ಮಗನಿಗೆ ಯಾವ ದಿಬ್ಬ ಹುಡುಕೋದು!

ಹಂಗೂ ಹಿಂಗೂ ಒಂದು ಸಂಬಂಧ ಬಂತು. ಪಕ್ಕದ ಊರಿನ ಓಬಳಪ್ಪನ ಮಗಳು ದೇವೀರಿ. ಓಬಳಪ್ಪ ಹಳೇ ಲಾರಿ ಡ್ರೈವರು, ಮೀಸೆಗೂ ಗ್ರೀಸ್ ಹಚ್ಚಿದಂಗಿರೋ ಮನುಷ್ಯ. ಅವನು ಹೇಳಿಕಳಿಸಿದ: "ಶುಕ್ರವಾರ ಮನೆ ನೋಡೋಕೆ ಬತ್ತೀವಿ. ನನ್ನ ಕಣ್ಣೆದುರಿಗೆ ಲಾರಿ ಚಾವಿಗೆ ಏಳಬೇಕು! ನೂಕೋ ಲಾರಿ ಮನೆಗೆ ಹೆಣ್ಣು ಕೊಟ್ಟರೆ ನಾಳೆ ಬೀಗರಾದ ನಾವೇ ನೂಕಬೇಕು. ಆಗಾಕಿಲ್ಲ!"

ಕ್ಯಾತಮ್ಮ ಬಿಡ್ತಾಳಾ? ಮೂವತ್ತು ವರ್ಷಕ್ಕೆ ಬಂದ ಒಂದೇ ಒಂದು ಹೆಣ್ಣು! ಮಂಗಳವಾರ ಬೆಳಗ್ಗೆ ಮಗನನ್ನ ಕರೆದಳು.

"ಲೋ ಜುಂಜ, ಬ್ಯಾಟರಿ ಬಿಚ್ಚು. ಹೈವೇ ಪಕ್ಕ ಬುಡೇನ್ ಸಾಬರ ಶೆಡ್ಡಿಗೆ ಮುಟ್ಟಿಸು. ಅವರು ವೈರಿನ ಕೆಲಸದಾಗೆ ದೊಡ್ಡೋರು. ಭಾರ ಎತ್ತಬೇಡ ಮತ್ತೆ, ಸೊಂಟ ಹಿಡ್ಕೊಂಡೀತು!"

ಪಕ್ಕದ ಮನೆ ಗಾಡೀಲಿ ಹಾಕ್ಕೊಂಡು ಹೋಗ್ತಾನೆ ಅಂತ ಅವಳ ಎಣಿಕೆ. ಇವನು ಬ್ಯಾಟರಿಗೆ ಹಗ್ಗ ಕಟ್ಟಿದ, ಹೋತ ಎಳೆದಂಗೆ ಎಳೆದ. ಎರಡು ಮೈಲಿ ಎಳೆದ! ಬ್ಯಾಟರಿ ಒಂದು ಸಲ ಅಂಗಾತ, ಒಂದು ಸಲ ಬೋರಲು. ಆಸಿಡ್ ಚೆಲ್ಲಿದ ಕಡೆಯೆಲ್ಲ ಹುಲ್ಲು ಸುಟ್ಟು, ಹಟ್ಟಿಯಿಂದ ಹೈವೇವರೆಗೆ ಒಂದು ಕಾಲುದಾರಿಯೇ ಆಗೋಯ್ತು. ಇವತ್ತಿಗೂ ಜನ ಅದೇ ದಾರೀಲಿ ಓಡಾಡ್ತಾರೆ, ಬೇಕಾದ್ರೆ ಹೋಗಿ ನೋಡಿ.

ಬುಡೇನ್ ಸಾಬರು ತಲೆ ಚಚ್ಚಿಕೊಂಡರು. "ಅರೆ ಪುಣ್ಯಾತ್ಮ! ಇದೇನು ಹೋತವಾ? ತಲೆ ಮೇಲೆ ಸಿಂಬಿ ಇಟ್ಟು, ನೆಟ್ಟಗೆ ಹೊತ್ಕೊಂಡು, ಕತ್ತು ಬಗ್ಗಿಸದೆ ತರಬೇಕು!"

"ಆಯ್ತು ಮಾಮ! ಮುಂದಿನ ಸಲ ಹಂಗೇ ಮಾಡ್ತೀನಿ!"

ಸಾಬರು ಆಸಿಡ್ ತುಂಬಿ, ಚಾರ್ಜಿಗೆ ಹಾಕಿ, ಸಂಜೆಗೆ ಕೊಟ್ಟರು. "ಬ್ಯಾಟರಿ ಗಟ್ಟಿಯಾಗೇ ಐತೆ. ಅದಕ್ಕೆ ಕರೆಂಟು ತುಂಬೋ ಡೈನಮೋ ಸರಿಯಾಗಿ ತಿರುಗ್ತಿಲ್ಲವೋ ಏನೋ. ನಾಳೆ ಅದರ ಬೆಲ್ಟು ಬಿಚ್ಕೊಂಡು ಬಾ."

ಬುಧವಾರ ಜುಂಜ ಬೆಲ್ಟು ಬಿಚ್ಚಿದ. ತಲೆ ಮೇಲೆ ಸಿಂಬಿ. ಸಿಂಬಿ ಮೇಲೆ ಬೆಲ್ಟು. ಬೆಲ್ಟು ಜಾರಬಾರದಲ್ಲ, ಅದರ ಮೇಲೆ ಅವ್ವನ ಗುಂಡುಕಲ್ಲು! ಕತ್ತು ನೆಟ್ಟಗೆ, ಎದೆ ಮುಂದಕ್ಕೆ, ದೇವರು ಹೊತ್ತ ಪೂಜಾರಿ ಹಂಗೆ ಹೊರಟ. ದಾರೀಲಿ ಇಬ್ಬರು ಮುದುಕಿಯರು ಕೈ ಮುಗಿದು ಅಡ್ಡ ಬಿದ್ದರು ಕೂಡ.

ಶೆಡ್ಡಿನ ಬಾಗಿಲು ಮೋಟು. ಜುಂಜ ಹೊರಗೇ ನಿಂತ.

"ಒಳಗೆ ಬಾರಪ್ಪ!"

"ಬರಾಕಾಗಲ್ಲ ಮಾಮ!"

"ಬಗ್ಗು, ಬತ್ತೀಯ!"

"ಬಗ್ಗಬೇಡ ಅಂದೋರು ನೀವೇ!"

ಮಟಮಟ ಮಧ್ಯಾಹ್ನದವರೆಗೆ ನಿಂತ! ಕೊನೆಗೆ ಸಾಬರೇ ಸ್ಟೂಲು ಹತ್ತಿ ಗುಂಡುಕಲ್ಲು ಇಳಿಸಿದರು. "ಅಯ್ಯೋ ನಿನ್ನ! ಬೆಲ್ಟನ್ನ ಹೊರೋದಲ್ಲ, ಒತ್ತಿ ನೋಡೋದು! ಇದೇನೂ ಹರಿದಿಲ್ಲ, ಹೋಗಿ ತೊಡಿಸು. ನಡುಮಧ್ಯ ಹೆಬ್ಬೆರಳಲ್ಲಿ ಒತ್ತು. ಅರ್ಧ ಇಂಚು ಇಳಿದರೆ ಸರಿ. ಜಾಸ್ತಿ ಇಳಿದರೆ ಸಡಿಲ ಅಂತ, ಬಿಗಿ ಮಾಡು!"

"ಆಯ್ತು ಮಾಮ! ಮುಂದಿನ ಸಲ ಹಂಗೇ ಮಾಡ್ತೀನಿ!"

ಸಂಜೆ ಕ್ಯಾತಮ್ಮ ತಾನೇ ಪಕ್ಕದಲ್ಲಿ ಕೂತು ಬೆಲ್ಟು ಬಿಗಿ ಮಾಡಿಸಿದಳು. ಅಷ್ಟು ಸರಿಹೋಯ್ತು. ರಾತ್ರಿ ಊಟಕ್ಕೆ ಮುದ್ದೆ ಇಟ್ಟಳು ನೋಡಿ, ಹೆಬ್ಬೆರಳು ಒತ್ತಿದ. ಬುಡದವರೆಗೆ ಇಳೀತು.

"ಅವ್ವೋ! ಮುದ್ದೆ ಸಡಿಲ! ಸ್ಪ್ಯಾನರ್ ತತ್ತೀನಿ ತಡಿ!"

"ನಿಮ್ಮಪ್ಪ ನಿನ್ನ ತಲೇಗೆ ಬ್ಯಾಟರಿ ಹಾಕೋದೇ ಮರೆತನಲ್ಲೋ!" ಅಂತ ಕ್ಯಾತಮ್ಮ ಹಣೆ ಹಣೆ ಬಡ್ಕೊಂಡಳು.

ಗುರುವಾರ ಚಾವಿ ತಿರುಗಿಸಿದರೆ, ಟಿಕ್! ಅಷ್ಟೇ. ಮತ್ತೆ ಓಡು ಸಾಬರ ಹತ್ರ. ಸಾಬರು ಯೋಚಿಸಿದರು. "ಬ್ಯಾಟರಿ ಸರಿ, ಬೆಲ್ಟು ಸರಿ. ಹಂಗಾದ್ರೆ ವೈರು ಕೂಡೋ ಜಾಗದಲ್ಲೇ ತೊಂದರೆ. ಬ್ಯಾಟರಿಗೆ ಕಚ್ಚೋ ಎರಡು ವೈರಿನ ತಲೆ ನೋಡ್ಕೊಂಡು ಬಂದು ಹೇಳು."

ಓಡಿದ, ನೋಡಿದ, ಓಡಿ ಬಂದ! "ಮಾಮ, ಎರಡೂ ತಲೇನ ಹೆಬ್ಬೆರಳಲ್ಲಿ ಒತ್ತಿದೆ. ಒಂದು ನೂಲೂ ಇಳೀಲಿಲ್ಲ! ಬಲೇ ಬಿಗಿ!"

"ಒತ್ತು ಅಂದೆನಾ? ನೋಡು ಅಂದೆ! ಬೆಳ್ಳಗೆ ಏನಾದ್ರೂ ಕಂಡಿತಾ?"

"ಕಂಡಿತಲ್ಲ! ಸುಣ್ಣ ಬಳಿದಂಗೆ, ಬೆರಳು ದಪ್ಪ!"

"ಅದೇ ಕಣೋ ರೋಗ! ಬಿಳಿ ಹಿಡಿದರೆ ಕರೆಂಟು ಒಳಕ್ಕೂ ಹೋಗಲ್ಲ, ಹೊರಕ್ಕೂ ಬರಲ್ಲ. ಬೆಳ್ಳಗೆ ಕಂಡ ಕಡೆ ಬಿಸಿನೀರು ಹುಯ್ಯಿ, ತೆಂಗಿನ ನಾರಲ್ಲಿ ತಿಕ್ಕು, ಫಳಫಳ ಅಂದಮೇಲೆ ಗ್ರೀಸ್ ಸವರು!"

"ಆಯ್ತು ಮಾಮ! ಮುಂದಿನ ಸಲ ಹಂಗೇ ಮಾಡ್ತೀನಿ!"

ಮುಂದಿನ ಸಲ ಅಂದನಲ್ಲ, ಮಾತು ಉಳಿಸ್ಕೊಂಡ. ಶುಕ್ರವಾರ ಬೆಳಗ್ಗೆ ಬಿಸಿನೀರು, ನಾರು, ಗ್ರೀಸು ಎಲ್ಲಾ ಜೋಡಿಸ್ಕೊಂಡು ಲಾರಿ ಕಡೆ ಹೆಜ್ಜೆ ಇಟ್ಟ ಅನ್ನೋಷ್ಟರಲ್ಲಿ ಓಬಳಪ್ಪನ ಲಾರಿ ಬಂದು ನಿಂತಿತು. ಓಡಿಸ್ಕೊಂಡು ಬಂದವಳು ದೇವೀರಿ! ಓಬಳಪ್ಪ ದಾರೀಲಿ ಎರಡು ಕಡೆ ಇಳಿದು ಟೈರು ನೋಡಿದ್ದ, ಕಾಲಿಗೆ ಮೊಣಕಾಲವರೆಗೆ ಬಿಳಿ ಧೂಳು.

"ಬೀಗರಿಗೆ ಕಾಲಿಗೆ ನೀರು ಕೊಡೋ ಜುಂಜ!" ಅಂತ ಕ್ಯಾತಮ್ಮ ಒಳಗಿಂದ ಕೂಗಿದಳು.

ಜುಂಜ ಜಗಲಿ ಮೇಲೆ ಕೂತ ಓಬಳಪ್ಪನ ಕಾಲು ನೋಡಿದ. ಬೆಳ್ಳಗೆ! ಹುಯ್ದ ಬಿಸಿನೀರು!

"ಅಯ್ಯಯ್ಯಪ್ಪೋ!"

ತಿಕ್ಕಿದ ನಾರಲ್ಲಿ! "ಲೋ! ಚರ್ಮ ಕಣೋ, ಚರ್ಮ!" ಫಳಫಳ ಅಂತು. ಸವರಿದ ಗ್ರೀಸು, ಅಂಗಾಲಿಗೂ!

ಓಬಳಪ್ಪ ಎದ್ದು ನಿಂತ, ನಿಂತದ್ದೇ ಹೊರಟ! ಜಗಲಿಯಿಂದ ನಡುಮನೆ, ನಡುಮನೆಯಿಂದ ಅಡುಗೆಮನೆ, ಜಾರ್ಕೊಂಡು ಹೋಗಿ ರಾಗಿ ಮೂಟೆ ತಬ್ಬಿಕೊಂಡು ನಿಂತ. "ನನ್ನ ಮಗಳನ್ನ ಈ ಮನೆಗೆ ಕೊಟ್ಟರೆ ಕೇಳಿ!"

ಮಗ ಬ್ರಹ್ಮಚಾರಿಯಾಗೇ ಉಳಿದ ಅಂತ ಕ್ಯಾತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಹೊರಗೆ ಕಿಸಕ್ ಅಂತ ನಗು. ದೇವೀರಿ ಲಾರಿಯ ಬ್ಯಾಟರಿ ಪೆಟ್ಟಿಗೆ ತೆಗೆದು ನಿಂತಿದ್ದಳು. "ಏನ್ರೀ, ನಮ್ಮಪ್ಪನ್ನ ತಿಕ್ಕಿದ್ರಿ, ಇದನ್ನ ಬಿಟ್ಟಿದ್ದೀರಲ್ಲ!" ಅಂದಳು. ಉಳಿದ ಬಿಸಿನೀರು ಹುಯ್ದಳು, ತಿಕ್ಕಿದಳು, ಬಿಗಿದಳು, ಗ್ರೀಸ್ ಸವರಿದಳು. ಓಬಳಪ್ಪ ಜಾರ್ಕೊಂಡೇ ಬಾಗಿಲಿಗೆ ಬರೋಷ್ಟರಲ್ಲಿ ಚಾವಿ ತಿರುಗಿಸಿದಳು.

ಗೊರ್ರ್ರ್!

ಎದ್ದೇಬಿಡ್ತು! ಸ್ಟೀರಿಂಗ್ ಮುಂದಿನ ಕೆಂಪು ದೀಪ ಪಕ್ಕನೆ ಆರಿತು. ಹಟ್ಟಿಗೆ ಹಟ್ಟೀನೇ ಕೇಕೆ ಹಾಕಿತು! ಓಬಳಪ್ಪ ಬಾಗಿಲ ಚೌಕಟ್ಟು ಹಿಡ್ಕೊಂಡು ನೋಡಿದ. ಆಡಿದ ಮಾತು ಆಡಿದ್ದೇ: ಕಣ್ಣೆದುರಿಗೆ ಚಾವಿಗೆ ಎದ್ದಿದೆ. ಮೇಲಾಗಿ ಮಗಳು ಜುಂಜನ್ನ ನೋಡಿ ಇನ್ನೂ ನಗ್ತಾನೇ ಇದ್ದಾಳೆ. "ಹೂಂ" ಅಂದ.

ದೇವೀರಿ ಹೊರಡೋವಾಗ ಜುಂಜನಿಗೆ ಹೇಳಿದಳು: "ಕೆಂಪು ದೀಪ ಆರಿದೆ, ಚಾರ್ಜ್ ತುಂಬ್ತಾ ಐತೆ. ಒಂದು ಸಲ ಎದ್ದಮೇಲೆ ನಿಲ್ಲಿಸಬ್ಯಾಡಿ. ಸುತ್ತಿಸ್ತಾನೇ ಇರಿ."

"ಆಯ್ತು ದೇವೀರಿ! ಮುಂದಿನ ಸಲ ಹಂಗೇ ಮಾಡ್ತೀನಿ!"

ಮುಂದಿನ ಸಲ ಅವಳು ಕಂಡದ್ದು ಮದುವೆ ಚಪ್ಪರದಲ್ಲಿ.

"ಏಳಪ್ಪ, ಹಸೆ ಸುತ್ತ ಮೂರು ಸುತ್ತು ಬಾ" ಅಂದರು ಹಿರಿಯರು. ಜುಂಜ ಎದ್ದ. ಮೂರಾಯ್ತು. ನಾಲ್ಕಾಯ್ತು. ಹತ್ತಾಯ್ತು! ದೇವೀರಿ ಸೆರಗಿನ ಗಂಟು ಬಿಚ್ಚಿ ಪಕ್ಕಕ್ಕೆ ಕೂತಳು. ನಲವತ್ತಾಯ್ತು! ಓಲಗದವರಿಗೆ ಉಸಿರು ಹತ್ತಿತು.

"ನಿಲ್ಲೋ ಮಗನೇ!" ಅಂತ ಕ್ಯಾತಮ್ಮ.

"ಆಗಾಕಿಲ್ಲವ್ವ! ಚಾರ್ಜ್ ತುಂಬ್ತಾ ಐತೆ!"

ಡೀಸೆಲ್ ಇಂಜಿನ್ ಆರಬೇಕಾದರೆ ಸ್ಟಾಪ್ ತಂತಿ ಎಳೀಬೇಕು, ದೇವೀರಿಗೆ ಗೊತ್ತಿಲ್ಲವಾ? ಎದ್ದು ಹೋಗಿ ಎಡಗಿವಿ ಹಿಡಿದು ಎಳೆದಳು. ಜುಂಜ ಗಡಗಡ ಅಲ್ಲಾಡಿ, ಬುಸ್ ಅಂದು, ನಿಂತ.

ನಿಂತವನು ನಿಂತೇಬಿಟ್ಟ! ಊಟಕ್ಕೆ ಬಾ ಅಂದರೂ ಇಲ್ಲ, ಆರತಿಗೆ ಬಾ ಅಂದರೂ ಇಲ್ಲ.

"ಏನಾಯ್ತೋ?" ಅಂತ ಓಬಳಪ್ಪ ಕೇಳಿದ.

"ಏಳ್ತಾ ಇಲ್ಲ ಮಾವ! ಒಂದೀಟು ನೂಕ್ರಿ!"

ಹೆಣ್ಣಿನ ಕಡೆಯವರೆಲ್ಲ ಓಬಳಪ್ಪನ ಮುಖ ನೋಡಿದರು. ಓಬಳಪ್ಪ ಆಕಾಶ ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಅಳಿಯನ ಬೆನ್ನಿಗೆ ಎರಡೂ ಕೈ ಕೊಟ್ಟ. ಹಿಂದೆ ಭಾವಮೈದುನರು, ಅವರ ಹಿಂದೆ ದೊಡ್ಡಪ್ಪಂದಿರು. "ಐಸಾ! ಐಸಾ!"

"ಬೀಗರೇ!" ಅಂತ ಕ್ಯಾತಮ್ಮ ಕೂಗಿದಳು, "ಊಟದ ಪಂಕ್ತಿ ಕಡೆ ಇಳಿಜಾರೈತೆ! ಆ ಕಡೆ ತಿರುಗಿಸಿ!"

ತಿರುಗಿಸಿದರು. ಗೊರ್ರ್ ಅಂತ ಎದ್ದ ನೋಡಿ ಜುಂಜ, ಪಂಕ್ತಿ ದಾಟಿದ, ಹಟ್ಟಿ ದಾಟಿದ, ಹುಲ್ಲು ಸುಟ್ಟ ಕಾಲುದಾರಿ ಹಿಡಿದು ಹೈವೇ ಕಡೆ ಹೋದ. ದೇವೀರಿ ಓಬಳಪ್ಪನ ಲಾರಿ ಚಾವಿ ಕಿತ್ಕೊಂಡು, ಕಿವಿ ಎಳೆಯೋಕೆ ಹಿಂದೆಯೇ ಹೋದಳು.