ಕೈ ತಿದ್ದಿದ ಜಾಣ

"ಸರ್, ಈ ಚಿತ್ರವನ್ನು ಇನ್ನಷ್ಟು ನಯ ಮಾಡಿದರೆ ತಪ್ಪೇನು?" ಎಂದು ಚಂದ್ರಕಲಾ ಕೇಳಿದಳು.

ಅವಳು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗಕ್ಕೆ ಕೆಲಸ ಕಲಿಯಲು ಬಂದವಳು. ಕಲಿಸುವವರು ಹಾಲಪ್ಪನವರು. ರೋಗಿಯ ಮೈಗೆ ಕಿರಣ ಸೂಸುವ ಔಷಧಿ ಚುಚ್ಚುತ್ತಾರೆ. ಹೊರಬರುವ ಕಿರಣಗಳನ್ನು ಕ್ಯಾಮೆರಾ ಸುತ್ತಲಿಂದ ಎಣಿಸುತ್ತದೆ. ಆ ಎಣಿಕೆಯಿಂದ ಮೈಯೊಳಗಿನ ಚಿತ್ರ ಕಟ್ಟುವುದು ಅಲ್ಲಿನ ಕೆಲಸ. ಅಂದಿನ ಚಿತ್ರ ಒಬ್ಬ ಹೆಂಗಸಿನ ಬೆನ್ನೆಲುಬಿನದು. ಮರಳು ಎರಚಿದ ಹಾಗೆ ಕಾಣುತ್ತಿತ್ತು. ಒಂದು ಚುಕ್ಕೆ ಮಾತ್ರ ಉಳಿದವಕ್ಕಿಂತ ತುಸು ದಟ್ಟವಾಗಿತ್ತು.

"ಹೀಗೇ ಕಳಿಸಿದರೆ ಡಾಕ್ಟರು ನಗುತ್ತಾರೆ. ನಯ ಮಾಡಿದರೆ ಈ ಚುಕ್ಕೆಯೂ ಹೋಗುತ್ತದೆ, ನೋಡಲೂ ಚೆನ್ನಾಗಿರುತ್ತದೆ" ಎಂದಳು.

ಹಾಲಪ್ಪನವರಿಗೆ ಸಿಟ್ಟು ಬಂತು. "ನಯ ಎಂಬ ಮಾತಿನ ಬೆನ್ನಿಗೆ ವಂಚಕ ಎಂಬ ಮಾತು ಸುಮ್ಮನೆ ಅಂಟಿಕೊಂಡಿಲ್ಲ. ಕೂತುಕೋ" ಎಂದು ಹೇಳತೊಡಗಿದರು.

ಒಬ್ಬ ರೈತ ಹುಲ್ಲಿನ ಬಣವೆ ಒಟ್ಟಿದ್ದ. ಹುಲ್ಲು ಪೂರ್ತಿ ಒಣಗಿರಲಿಲ್ಲ. ಹಸಿ ಹುಲ್ಲು ಒಟ್ಟಿದರೆ ಒಳಗೇ ಕಾವು ಹುಟ್ಟುತ್ತದೆ, ಕಾವು ಬಲಿತರೆ ಬೆಂಕಿಯಾಗುತ್ತದೆ. ಮೂರನೆಯ ವಾರ ಬಣವೆಯಿಂದ ಸುಟ್ಟ ವಾಸನೆ ಬಂತು. ಕಾವು ಎಲ್ಲಿದೆ ಎಂದು ಗೊತ್ತಾದರೆ ಅಷ್ಟು ಭಾಗ ಬಿಚ್ಚಿ ನೀರು ಹೊಯ್ಯಬಹುದು. ಗೊತ್ತಾಗದಿದ್ದರೆ ಹನ್ನೆರಡು ದನಗಳ ವರ್ಷದ ಮೇವು ಹೋಯಿತು. ರೈತ ಊರಿನ ಒಬ್ಬ ಜಾಣನನ್ನು ಕರೆಸಿದ.

ಜಾಣನ ಉಪಾಯ ಒಳ್ಳೆಯದೇ. ಅದನ್ನು ನಾನು ಹಳಿಯುವುದಿಲ್ಲ. ಬಣವೆಯ ಸುತ್ತ ಹದಿನಾರು ಕೂಲಿಯಾಳುಗಳನ್ನು ನಿಲ್ಲಿಸಿದ. ಒಬ್ಬೊಬ್ಬರೂ ಹುಲ್ಲಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಬಿಸಿ ಎಷ್ಟೆಂದು ಕೂಗಬೇಕು. ತಣ್ಣಗಿದ್ದರೆ ಒಂದು, ತಡೆಯಲಾಗದಿದ್ದರೆ ಹತ್ತು. ತಾನು ಹತ್ತು ಹೆಜ್ಜೆ ದೂರದಲ್ಲಿ ಹೊಂಗೆಯ ನೆರಳಿಗೆ ಕೂತು, ಬಣವೆಯ ಒಳಗನ್ನು ಹಲಗೆಯ ಮೇಲೆ ಬರೆಯತೊಡಗಿದ. ಕಾವು ಎಲ್ಲ ಕಡೆಯೂ ಒಂದೇ ಸಮ ಇದೆ ಎಂದು ಮೊದಲು ಊಹಿಸಿದ. ಹಾಗಿದ್ದರೆ ಯಾರ ಕೈಗೆ ಎಷ್ಟು ತಾಗಬೇಕು ಎಂದು ಲೆಕ್ಕ ಹಾಕಿದ. ಕೂಗಿದ್ದಕ್ಕೂ ಲೆಕ್ಕಕ್ಕೂ ತಾಳೆಯಾಗದ ಕಡೆ ಚಿತ್ರವನ್ನು ತಿದ್ದಿದ. ಮತ್ತೆ ಲೆಕ್ಕ, ಮತ್ತೆ ತಿದ್ದುವುದು. ನಮ್ಮ ಕಂಪ್ಯೂಟರು ಮಾಡುವುದೂ ಇದನ್ನೇ.

ನಾಲ್ಕು ಸುತ್ತು ತಿದ್ದುವಷ್ಟರಲ್ಲಿ ಹದಿನೈದು ಕೈಗಳು ತಾಳೆಯಾದವು. ಮೂಡಲ ಮೂಲೆಯಲ್ಲಿ ನಿಂತಿದ್ದ ಒಬ್ಬ ಹೆಂಗಸಿನದು ಮಾತ್ರ ಆಗಲಿಲ್ಲ. ಅವಳು ಒಂಬತ್ತು ಎನ್ನುತ್ತಾಳೆ. ಎಡಗಡೆಯವನು ಮೂರು, ಬಲಗಡೆಯವನು ಐದು. ಅವಳ ಮಾತು ಕೇಳಿದರೆ ಚಂದದ ಚಿತ್ರದಲ್ಲಿ ಒಂದು ಕಪ್ಪು ಮಚ್ಚೆ ಮೂಡುತ್ತಿತ್ತು.

ಕೈ ಸುಳ್ಳು ಹೇಳುವುದೂ ಉಂಟು. ತಣ್ಣೀರಲ್ಲಿ ಕೈ ತೊಳೆದು ಬಂದವರಿಗೆ ಉಗುರುಬೆಚ್ಚಗಿನದೂ ಬಿಸಿ. ಅವನು ಅನುಮಾನಪಟ್ಟದ್ದು ತಪ್ಪಲ್ಲ. ಆಮೇಲೆ ಮಾಡಿದ್ದೇನು ಗೊತ್ತೇ? ಮೂರಕ್ಕೂ ಐದಕ್ಕೂ ನಡುವೆ ನಾಲ್ಕು ಎಂದುಕೊಂಡು, ಅವಳ ಒಂಬತ್ತನ್ನು ಒರೆಸಿ ನಾಲ್ಕು ಬರೆದ. ಚಿತ್ರ ತಿದ್ದಬೇಕಾದವನು ಕೈ ತಿದ್ದಿದ!

ಅವಳು ಅವನ ಬಳಿಗೆ ಬಂದು ಕೈ ಚಾಚಿದಳು. ಬೊಬ್ಬೆ ಎದ್ದಿತ್ತು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಬುದ್ಧೀ? ನೀವೇ ಬಂದು ಒಂದ್ ಗಳಿಗೆ ಕೈ ಇಟ್ಟು ನೋಡಿ" ಎಂದಳು.

"ನಿನ್ನ ಒಂದು ಕೈಗೋಸ್ಕರ ಹದಿನೈದು ಕೈ ಸುಳ್ಳಾಗ್ತವಾ? ಹೋಗು, ನಿನ್ ಜಾಗದಲ್ಲಿ ನಿಂತ್ಕೋ" ಎಂದ ಜಾಣ. ಹಲಗೆಯಿಂದ ತಲೆ ಎತ್ತಲಿಲ್ಲ.

ಹತ್ತು ಹೆಜ್ಜೆ! ಎದ್ದು ಹೋಗಿದ್ದರೆ ಸಾಕಿತ್ತು. ಹೋಗಲಿ, ಇನ್ನೂ ನಾಲ್ಕು ಜನರನ್ನು ಆ ಮೂಲೆಗೆ ಕಳಿಸಿದ್ದರೂ ಸಾಕಿತ್ತು. ನೆರಳು ಬಿಟ್ಟು ಏಳಲಾರದ ಸೋಮಾರಿತನಕ್ಕೆ ಜಾಣತನ ಎಂದು ಹೆಸರಿಡುತ್ತಾರಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಚಿತ್ರ ಬೆಣ್ಣೆಯ ಹಾಗೆ ನಯವಾಗಿ ಬಂತು. ಕಾವು ಎಲ್ಲ ಕಡೆಯೂ ಹದವಾಗಿದೆ, ಬಣವೆ ಮುಟ್ಟುವುದು ಬೇಡ ಎಂದು ಜಾಣ ಹೇಳಿದ. ರೈತ ಕೈ ಮುಗಿದ. ಅವಳು ಇನ್ನೊಮ್ಮೆ ಬಾಯಿ ತೆರೆದಳು, ಎಲ್ಲರೂ ಸೇರಿ ಗದರಿಸಿ ಮುಚ್ಚಿಸಿದರು.

ಮಾರನೆಯ ದಿನ ಮಧ್ಯಾಹ್ನ ಮೂಡಲ ಮೂಲೆ ಹೊತ್ತಿಕೊಂಡಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಊರೆಲ್ಲ ಕೊಡ ಹಿಡಿದು ಓಡಿತು. ಸಂಜೆಗೆ ಒಂದು ಹಿಡಿ ಹುಲ್ಲೂ ಉಳಿದಿರಲಿಲ್ಲ. ಮೇವಿಲ್ಲದೆ ರೈತ ಹನ್ನೆರಡು ದನಗಳನ್ನೂ ಒಂದೊಂದಾಗಿ ಸಂತೆಗೆ ಹೊಡೆದುಕೊಂಡು ಹೋದ.

ಹಾಲಪ್ಪನವರು ಇಲ್ಲಿಗೆ ನಿಲ್ಲಿಸಿದರು.

"ಆ ಜಾಣನಿಗೆ ಏನಾಯಿತು ಸರ್?" ಎಂದು ಚಂದ್ರಕಲಾ ಕೇಳಿದಳು.

"ಅವನಿಗೇನಾಗುತ್ತದಮ್ಮ, ಬಣವೆ ಅವನದಲ್ಲವಲ್ಲ!"